ಗಡುವಿನವರು ಮಣೆ ಮುರಿದ ದಿನ

ಕಪ್ಪತಗುಡ್ಡದ ಬುಡ, ಫೆಬ್ರವರಿ ಮೂವತ್ತು, ೨೧೯೪

ನೂರೆಪ್ಪತ್ತು ವರ್ಷ ಹಿಂದೆ ಬಾಳುತ್ತಿರುವ ಹಿರಿಯರಿಗೆ ನೀಲಗಂಗವ್ವ ಮಾಡುವ ವಿಜ್ಞಾಪನೆ. ದಿನಾಂಕ ನೋಡಿ ಮುದುಕಿಗೆ ಅರಳು ಮರಳು ಎಂದುಕೊಳ್ಳಬೇಡಿ. ತಿಂಗಳುಗಳನ್ನೆಲ್ಲ ನಾವು ಸಮ ಮಾಡಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಆದಷ್ಟು ಬಿಡಿಸಿ ಹೇಳುತ್ತೇನೆ, ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ವಿದ್ಯಾಪೀಠಕ್ಕೆ ಸೇರಿದ ಪ್ರತಿಯೊಬ್ಬರೂ ಹಿಂದಿನ ಕಾಲದವರಿಗೆ ಒಂದು ಓಲೆ ಬರೆಯಬೇಕು. ಅದನ್ನು ಹಿಂದೋಲೆ ಎನ್ನುತ್ತೇವೆ. ಅದು ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ನನಗೆ ಈಗ ಯಾರಿಗಾದರೂ ಹೇಳಲೇಬೇಕಾಗಿದೆ.

ಇಲ್ಲಿ ಓದಿಗೆ ವಯಸ್ಸಿಲ್ಲ. ಏಳು ವರ್ಷದ ಕೂಸಿನಿಂದ ಹಿಡಿದು ಕೋಲೂರಿಕೊಂಡು ಬರುವವರ ತನಕ ಯಾರು ಬೇಕಾದರೂ ಸೇರಬಹುದು. ಕೆಲವು ವರ್ಷ ದುಡಿದು, ಮತ್ತೆ ಬಂದು ಬೇರೊಂದು ವಿದ್ಯೆ ಹಿಡಿಯುವುದಕ್ಕೆ ಮರುಮಣೆ ಎಂದು ಹೆಸರು. ನಾನು ಮೊದಲು ಬಾಣಂತಿಯರ ಆರೈಕೆ ಕಲಿತೆ, ನಡುವಯಸ್ಸಿನಲ್ಲಿ ಕಾನೂನು ಓದಿದೆ, ಊರು ಹೋಗು ಎನ್ನುವ, ಕಾಡು ಬಾ ಎನ್ನುವ ಈ ವಯಸ್ಸಿನಲ್ಲಿ ಗಾಳಿಯಂತ್ರದ ರಿಪೇರಿಗೆ ಬಂದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಿಮ್ಮವರು ಹೇಳುತ್ತಿದ್ದರಂತೆ. ಬಗ್ಗುತ್ತದೆ, ಸೊಂಟ ಮಾತ್ರ ನೋಯುತ್ತದೆ. ಬೆಳಿಗ್ಗೆ ಊಟದ ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಒಂದು ಸಾಲಿನಲ್ಲಿ ಹಾಲುಹಲ್ಲು ಬಿದ್ದವರು, ಎದುರು ಸಾಲಿನಲ್ಲಿ ಕಟ್ಟಿಸಿಕೊಂಡ ಹಲ್ಲಿನವರು, ಎಲ್ಲರ ಬಾಯಲ್ಲೂ ಮುಂದಿನ ಪರೀಕ್ಷೆಯದೇ ಮಾತು.

ತರಗತಿಯಲ್ಲಿ ಯಾರೂ ಒಬ್ಬರೇ ಕೂರುವಂತಿಲ್ಲ. ಕಡಿಮೆಯೆಂದರೂ ಇಪ್ಪತ್ತು ವರ್ಷ ಅಂತರವಿರುವ ಇಬ್ಬರು ಒಂದು ಮಣೆಯ ಮೇಲೆ ಕೂರಬೇಕು. ಇದು ಜೋಡುಮಣೆ. ಒಬ್ಬರು ನಪಾಸಾದರೆ ಇಬ್ಬರೂ ನಪಾಸು. ಪರೀಕ್ಷೆಯ ದಿನ ಹಿರಿಯರ ಬಲ ಮಣಿಕಟ್ಟನ್ನು ಕಿರಿಯರ ಎಡ ಮಣಿಕಟ್ಟಿಗೆ ನೂಲಿನಿಂದ ಕಟ್ಟುತ್ತಾರೆ, ಉಳಿದ ಎರಡು ಕೈಗಳಲ್ಲಿ ಇಬ್ಬರೂ ಕೂಡಿ ಕೆಲಸ ಮುಗಿಸಬೇಕು. ಆ ನೂಲನ್ನು ಮಾಸ್ತರರು ಮಾತ್ರ ಬಿಚ್ಚುತ್ತಾರೆ. ನನ್ನ ಜೋಡಿ ತಬಸ್ಸುಮ್, ಲಕ್ಷ್ಮೇಶ್ವರದ ಹುಡುಗಿ, ಇಪ್ಪತ್ತೆರಡರ ವಯಸ್ಸು. ನಟ್ಟು ಬಿಗಿಮಾಡುವಾಗ ನಾನು ಬೈಯುತ್ತೇನೆ, ಲೆಕ್ಕ ತಪ್ಪಿದಾಗ ಅವಳು ಬೈಯುತ್ತಾಳೆ.

ಕೆಟ್ಟದ್ದೆಂದರೆ ಮಣೆಗಳು ಸಾಲವು. ಸೇರಲು ಬರುವವರು ಹೆಚ್ಚು, ಕೋಣೆಗಳು ಕಡಿಮೆ, ಆದ್ದರಿಂದ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೆಸರು ಬರದ ಹುಡುಗರು ಸೇರಿ ಒಂದು ದಳ ಕಟ್ಟಿಕೊಂಡರು. ನಲವತ್ತಕ್ಕೆ ಓದಿನ ಗಡುವು ಮುಗಿಯಬೇಕು, ಮುದುಕರು ಎದ್ದು ಜಾಗ ಬಿಡಬೇಕು ಎಂಬುದು ಅವರ ವಾದ. ಅವರನ್ನು ಗಡುವಿನವರು ಎನ್ನುತ್ತೇವೆ. ಮೊದಲು ಗೋಡೆಗಳ ಮೇಲೆ ಬರೆದರು. ಆಮೇಲೆ ಸಂತೆಯಲ್ಲಿ ಹಿರಿಯ ವಿದ್ಯಾರ್ಥಿಗಳನ್ನು ಹಿಡಿದು ಬರೆಯುವ ಕೈಯ ಬೆರಳು ಮುರಿಯತೊಡಗಿದರು. ನಾವು ಅಲ್ಲಿಗೂ ಎಚ್ಚರವಾಗಲಿಲ್ಲ.

ಪರೀಕ್ಷೆಯ ಮಧ್ಯಾಹ್ನ ಅವರು ಸುತ್ತಿಗೆ, ಸರಳು ಹಿಡಿದು ಒಳಗೆ ನುಗ್ಗಿ ಬಾಗಿಲ ಬಳಿಯ ಮಣೆಗಳನ್ನು ಮುರಿದರು. "ನಲವತ್ತು ದಾಟಿದವರು ಕೈ ಮುಂದ ಮಾಡ್ರಿ" ಎಂದು ಮುಂದಾಳು ಕೂಗಿದ. ಬಸವಂತ ಅವನ ಹೆಸರು, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಮಾಸ್ತರರನ್ನು ಮೊದಲೇ ಬಡಿದು ಕೆಡವಿದ್ದರು. ನಮ್ಮ ಕೋಣೆಯ ಪ್ರತಿ ಮಣೆಯ ಮೇಲೂ ತಂತಿ ಕತ್ತರಿಸುವ ಇಕ್ಕಳವಿತ್ತು. ನೂಲು ಕತ್ತರಿಸಿದ್ದರೆ ಎಳೆಯರೆಲ್ಲ ಕಿಟಕಿ ಹಾರಿ ಪಾರಾಗುತ್ತಿದ್ದರು. ಹೆಚ್ಚಿನವರು ಕತ್ತರಿಸಲಿಲ್ಲ. ಇಂಥ ದಡ್ಡತನ ನಮ್ಮವರಿಗೇ ಮೀಸಲು. ಪಕ್ಕದ ಕೋಣೆಯಲ್ಲಿ ಲೆಕ್ಕ ಕಲಿಯುತ್ತಿದ್ದ ಒಬ್ಬ ಮುದುಕನನ್ನು ಮೆಟ್ಟಿಲ ಮೇಲಿಂದ ದರದರ ಎಳೆದರು. ಅವನೊಂದಿಗೆ ಕಟ್ಟಿಕೊಂಡಿದ್ದ ಹುಡುಗಿಯೂ ಉರುಳಿದಳು, ಇಬ್ಬರ ತಲೆಯೂ ಒಡೆಯಿತು. ಅವರನ್ನು ಜೊತೆಯಲ್ಲೇ ಮಣ್ಣು ಮಾಡಿದೆವು.

"ನೂಲು ಕೊಯ್ದು ಓಡು ತಂಗಿ, ನಂದು ಮುಗದೈತಿ" ಎಂದೆ. "ಸುಮ್ನ ಬರ್ರಿ ಆಯಿ. ಮಾಸ್ತರು ಬಿಚ್ಚೂತನಕ ಬಿಚ್ಚಂಗಿಲ್ಲ" ಎಂದಳು ತಬಸ್ಸುಮ್. ಅಷ್ಟರಲ್ಲಿ ಬಸವಂತ ನನ್ನ ಬಲಗೈಯನ್ನು ಮಣೆಗೆ ಒತ್ತಿ ಹಿಡಿದು ಸುತ್ತಿಗೆ ಎತ್ತಿದ. ಅವಳು ತನ್ನ ಬಲಗೈಯನ್ನು ನನ್ನ ಕೈಮೇಲೆ ಇಟ್ಟಳು. ಎಲುಬು ಪುಡಿಯಾದ ಸದ್ದು ನನಗೆ ಕೇಳಿಸಿತು. ಅವನು ಮತ್ತೆ ಎತ್ತಿದ, ಅವಳು ಕೈ ತೆಗೆಯಲಿಲ್ಲ. ನನ್ನ ಎಡಗೈಯಲ್ಲಿ ನಟ್ಟು ಬಿಗಿಯುವ ದೊಡ್ಡ ಪಾನಾ ಇತ್ತು. ಅದರಿಂದ ಅವನ ದವಡೆಗೆ ಬೀಸಿದೆ. ಬಿದ್ದ. ಬಿದ್ದ ಮೇಲೂ ಹೊಡೆದೆ. ಜನ ಬಂದು ನನ್ನನ್ನು ಹಿಡಿಯದಿದ್ದರೆ ಕೊಂದೇಬಿಡುತ್ತಿದ್ದೆ, ಅದಕ್ಕಾಗಿ ನನಗೆ ಪಶ್ಚಾತ್ತಾಪವೂ ಇಲ್ಲ.

ತಬಸ್ಸುಮಳ ಬೆರಳುಗಳು ಇನ್ನು ನೆಟ್ಟಗಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ದಳದ ಉಳಿದವರು ಓಡಿಹೋದರು, ಬಸವಂತ ಸಿಕ್ಕಿಬಿದ್ದ. ನಮ್ಮ ಪಂಚಾಯ್ತಿಯಲ್ಲಿ ಇಂಥವರಿಗೆ ಮಣೆದಂಡ ವಿಧಿಸುತ್ತಾರೆ: ಮಣೆ ಮುರಿದವನು ಅದನ್ನು ಸರಿಮಾಡಿ ಅದರ ಮೇಲೆಯೇ ಕೂತು, ಕಾವಲಿನಲ್ಲಿ, ಒಂದು ವಿದ್ಯೆ ಕಲಿತು ಮುಗಿಸಬೇಕು. ಆದರೆ ಅವನಿಗೂ ಜೋಡಿ ಬೇಕು. ಒಪ್ಪುವವರು ಸಿಗದಿದ್ದರೆ ಗಡಿಯಾಚೆ ಬಿಟ್ಟುಬಿಡುತ್ತಾರೆ, ಅಲ್ಲಿ ಅವನ ದಳ ಕಾಯುತ್ತಿದೆ. ಯಾರೂ ಮುಂದೆ ಬರಲಿಲ್ಲ. ನಾನಂತೂ ಆ ಕಡೆ ತಲೆಯನ್ನೇ ಹಾಕಲಿಲ್ಲ.

ಮೊನ್ನೆ ತಬಸ್ಸುಮ್ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಳು. "ಆಯಿ, ಅವನ ಜೋಡಿ ನೀವು ಕುಂದರ್ರಿ."

"ಹುಚ್ಚು ಹಿಡದೈತೇನು ನಿನಗ? ನಿನ್ನ ಕೈ ಮುರದಾಂವ ಅವ."

"ಅದಕ್ಕ ಹೇಳಾಕತ್ತೀನ್ರಿ. ಹೊರಗ ಬಿಟ್ರ ಇನ್ನೊಬ್ಬರದು ಮುರೀತಾನ. ನಾನ ಕುಂದರ್ತಿದ್ದೆ, ವಯಸ್ಸು ಹೊಂದಂಗಿಲ್ಲ."

ಅವಳ ಮೇಲಿನ ಸಿಟ್ಟಿನಲ್ಲೇ ಅವನನ್ನು ನೋಡಲು ಹೋದೆ. ದವಡೆಗೆ ಕಟ್ಟು ಹಾಕಿದ್ದರು, ಬಾಯಿಯ ಸಂದಿಯಿಂದ ಅಂಬಲಿ ಹೀರುತ್ತಿದ್ದ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಯಾವ ವಿದ್ಯೆಗೆ ಚೀಟಿ ಹಾಕಿದ್ದೆಯೋ ಎಂದು ಕೇಳಿದೆ. ಅವನು ಅಂಬಲಿಯ ಬಟ್ಟಲನ್ನು ಕೆಳಗಿಟ್ಟ. ಆಮೇಲೆ ತೊದಲುತ್ತ, "ಗಾಳಿಯಂತ್ರಕ್ಕ. ಕಡೀ ಮಣಿ ನಿಮಗ ಬಂತು" ಎಂದ. ಆ ವರ್ಷದ ಕೊನೆಯ ಚೀಟಿ ನನ್ನದೇ ಆಗಿತ್ತು. ನಾನು ಅಂದು ಊರೆಲ್ಲ ಬೆಲ್ಲ ಹಂಚಿದ್ದೆ.

ನಾಳೆಯಿಂದ ಅವನ ಪಕ್ಕ ಕೂರುತ್ತೇನೆ. ಕ್ಷಮಿಸಿಲ್ಲ, ಜೊತೆಗೆ ಓದಬೇಕಾದರೆ ಕ್ಷಮಿಸಿರಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಅವನು ಇನ್ನೊಮ್ಮೆ ಸುತ್ತಿಗೆ ಎತ್ತಿದರೆ ಏನು ಮಾಡುತ್ತೇನೋ ನನಗೇ ತಿಳಿಯದು. ಹೆದರಿಕೆಯಾಗುತ್ತಿದೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಮರವಿತ್ತು, ಕಲ್ಲಿತ್ತು, ಖಾಲಿ ಬಿದ್ದ ಕಟ್ಟಡಗಳೂ ಇದ್ದವು ಎಂದು ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ಐವತ್ತು ದಾಟಿದವರು ಓದುತ್ತೇನೆ ಎಂದರೆ ನಗಬೇಡಿ. ಇಪ್ಪತ್ತರವನು ಬಾಗಿಲಿಗೆ ಬಂದರೆ ಜಾಗವಿಲ್ಲ ಎನ್ನಬೇಡಿ. ಇನ್ನೊಂದು ಕೋಣೆ ಕಟ್ಟಿ. ನಗುವುದನ್ನೂ ಜಾಗವಿಲ್ಲವೆಂದು ಕಳಿಸುವುದನ್ನೂ ಎರಡನ್ನೂ ಮಾಡಿದವರ ಮೊಮ್ಮಕ್ಕಳ ಮಕ್ಕಳು ನಾವು. ಈಗ ಒಂದು ಮಣೆಗಾಗಿ ಒಬ್ಬರ ಬೆರಳನ್ನೊಬ್ಬರು ಮುರಿಯುತ್ತಿದ್ದೇವೆ.

ನಿಮ್ಮವಳೇ ಆದ,
ನೀಲಗಂಗವ್ವ