ಹತ್ತು ಹೆಜ್ಜೆ ಮೇಲಿನ ನೀರು

ಲೋ ಮೂರುಸಲಪ್ಪ,

ನೀನು ಇದನ್ನು ಓದುವುದಿಲ್ಲ. ಕೆಲಸ ಬಿಟ್ಟು ಹೋದ ನಿನ್ನ ವಿಳಾಸ ನನ್ನಲ್ಲಿಲ್ಲ, ಯಾರನ್ನಾದರೂ ಕೇಳೋಣವೆಂದರೆ ಮುಖವಿಲ್ಲ. ಹೊಳೆಯ ನೀರಲ್ಲೇ ಬಾಟಲಿಯನ್ನು ಮೂರು ಸಲ ತೊಳೆಯದೆ ನೀನು ಎಂದೂ ಸ್ಯಾಂಪಲ್ ಹಿಡಿದವನಲ್ಲ. ಲ್ಯಾಬಿನಲ್ಲಿ ಆ ಹೆಸರಿಟ್ಟವನು ನಾನೇ. ಈಗ ಅಲ್ಲಿ ಒಬ್ಬನೇ ಚಹಾ ಕುಡಿಯುತ್ತೇನೆ.

ಇವತ್ತು ಬೆಳಿಗ್ಗೆ ಸೊಸೆ, ಏಳು ತಿಂಗಳ ಬಸುರಿ, ಬೀದಿ ನಲ್ಲಿಯ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡಳು.

"ಅದು ಬೇಡಮ್ಮ, ಕ್ಯಾನ್ ತರಿಸ್ತೀನಿ" ಎಂದೆ.

"ಯಾಕೆ ಮಾವ? ನೀರು ಕುಡಿಯೋಕೆ ಯೋಗ್ಯ ಅಂತ ನಲ್ಲಿ ಪಕ್ಕ ರಿಪೋರ್ಟ್ ಅಂಟಿಸಿದ್ದಾರಲ್ಲ, ನಿಮ್ಮದೇ ಸಹಿ!"

ನನ್ನದೇ. ಕಾರ್ಖಾನೆಯ ಕೊಳವೆ ಹೊಳೆಗೆ ಸೇರುವ ಜಾಗದಿಂದ ಕೆಳಗೆ, ನಲ್ಲಿಗಳಿಗೆ ನೀರೆತ್ತುವಲ್ಲೇ ಸ್ಯಾಂಪಲ್ ಹಿಡಿಯಬೇಕೆಂದು ನೀನು ಹಟ ಹಿಡಿದೆ. ನಾನು ಕೊಳವೆಯಿಂದ ಹತ್ತು ಹೆಜ್ಜೆ ಮೇಲಕ್ಕೆ ಹೋಗಿ ತಿಳಿನೀರು ತುಂಬಿಸಿಕೊಂಡು ಬಂದೆ.

"ನಾಳೆ ನಿನ್ನ ಮೊಮ್ಮಕ್ಕಳು ಯಾವ ನೀರು ಕುಡೀತಾರೋ?" ಎಂದು ಕೇಳಿದ್ದೆ ನೀನು.

"ಮೊದಲು ಮಗನಿಗೆ ಹೆಣ್ಣು ಸಿಗಲಿ ಬಿಡೋ" ಎಂದು ನಕ್ಕಿದ್ದೆ ನಾನು.

ಸೊಸೆಗೆ ಇದನ್ನೆಲ್ಲ ಹೇಳುವ ಬದಲು ಕೈ ತಗುಲಿಸಿ ಲೋಟ ಬೀಳಿಸಿದೆ.

"ನಿಮಗೆ ವಯಸ್ಸಾಯ್ತು ಮಾವ" ಎಂದು ನಗುತ್ತಾ ಅವಳು ಇನ್ನೊಂದು ಲೋಟ ತುಂಬಿಸಿದಳು. ಅದನ್ನೂ ಬೀಳಿಸಿದೆ. ಈ ಸಲ ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಕಿಟಕಿಯಾಚೆ ನಲ್ಲಿಯ ಮುಂದೆ ಇಡೀ ಬೀದಿಯ ಕೊಡಗಳು ಸಾಲಾಗಿ ಕೂತಿದ್ದವು. ಆ ಮನೆಗಳ ಲೋಟಗಳು ನನ್ನ ಕೈಗೆ ಎಟುಕುವುದಿಲ್ಲ ಕಣೋ.