ಕುಮಾನ್ ಅನ್ನಬೇಕಾದವರು

ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಿಡತೆಗೆ,

ನಿನ್ನ ಬಸವನಹುಳುವಿನ ವಂದನೆಗಳು. ಈ ಹೆಸರಿಟ್ಟವಳು ನೀನೇ, ಹಾಗಾಗಿ ಉತ್ತರ ತಡವಾಯಿತೆಂದು ಬೈಯುವ ಹಕ್ಕು ನಿನಗಿಲ್ಲ. ತಮಾಷೆ ಬಿಡು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅದನ್ನು ಮೇಜಿನ ಮೇಲಿಟ್ಟು, ಬಿಸಿ ತಟ್ಟೆಯನ್ನು ನೋಡಿದ ಹಾಗೆ ದೂರದಿಂದ ನೋಡುತ್ತಿದ್ದೆ. ಕ್ಷಮಿಸು. ಮನೆಯಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಮೊಣಕಾಲು ನೋವು ಹೇಗಿದೆ? ಇಲ್ಲಿ ನನ್ನ ಮಗಳು ಚೆನ್ನಾಗಿದ್ದಾಳೆ, ಶಾಲೆಗೆ ಹೋಗಿ ಬರುತ್ತಿದ್ದಾಳೆ. ಹಗಲು ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ನನ್ನ ಕೆಲಸವೂ ಎಂದಿನಂತೆ ನಡೆದಿದೆ.

ನೀನು ಬರೆದದ್ದು ಒಂದೇ ಸಾಲು: "ನಮ್ಮಪ್ಪ ಕಟ್ಟಿದ ಟೇಕ್ವಾಂಡೋ ಶಾಲೆಗೆ ಬೀಗ ಜಡಿದು, ಅವರನ್ನೇ ಬೀದಿಯಲ್ಲಿ ನಿಲ್ಲಿಸಿದವಳು ನೀನೇನಾ?" ಹೌದು ಕಣೇ, ನಾನೇ. ಸಂಜೆ ಅವರ ಜೊತೆ ಕಲಿಸುತ್ತಿದ್ದವಳಲ್ಲವೇ, ಬೀಗದ ಕೈ ನನ್ನ ಚೀಲದಲ್ಲೇ ಇದೆ. ನಿಮ್ಮಮ್ಮ ನಿನ್ನೆಯೂ ಬಂದು ಕೇಳಿ ಹೋದರು. ಕೊಡಲೋ ಬೇಡವೋ ಅನ್ನುವುದು ನಿನ್ನ ಮೇಲೆ ನಿಂತಿದೆ, ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಿಮ್ಮಪ್ಪನಿಗೆ, ನಮ್ಮ ಮೇಷ್ಟ್ರಿಗೆ, ಮರೆವು ಶುರುವಾಗಿದೆ ಎಂದು ನಿನಗೆ ಗೊತ್ತು. ಎಷ್ಟು ಎಂದು ಗೊತ್ತಿಲ್ಲ. ಮೊದಲು ಮಕ್ಕಳ ಹೆಸರು ಹೋಯಿತು. "ಏ ಹಳದಿ, ಏ ಹಸಿರು" ಎಂದು ಬೆಲ್ಟಿನ ಬಣ್ಣ ಹಿಡಿದು ಕರೆಯತೊಡಗಿದರು. ಮಕ್ಕಳಿಗೆ ಅದೊಂದು ಆಟವಾಯಿತು. ಆಮೇಲೆ ಒಂದು ಸಂಜೆ ಬಗ್ಗಿ ನಮಸ್ಕರಿಸುವುದನ್ನು ಹೇಳಿಕೊಟ್ಟರು, ಮುಗಿದ ಕೂಡಲೇ ಅದನ್ನೇ ಮತ್ತೆ ಶುರುಮಾಡಿದರು, ಆಮೇಲೆ ಮತ್ತೆ. ಚಿಕ್ಕವರು ಕಿಸಕ್ಕೆಂದರು. ನಾನು ಕಣ್ಣು ಬಿಟ್ಟೆ, ಸುಮ್ಮನಾದರು. ಆ ದಿನ ಮಕ್ಕಳನ್ನು ಗದರಿಸುವ ಬದಲು ಮೇಷ್ಟ್ರನ್ನು ಮನೆಗೆ ಕರೆದೊಯ್ಯಬೇಕಿತ್ತು. ಕರೆದೊಯ್ಯುವುದು ಹೇಗೆ, ಹೇಳು? ನಿಮ್ಮಮ್ಮ ನನ್ನ ಕೈ ಹಿಡಿದು ಹೇಳಿದ್ದರು, "ಮನೇಲಿದ್ರೆ ನೀನ್ಯಾರು ಅಂತ ನನ್ನೇ ಕೇಳ್ತಾರಮ್ಮ. ಅಲ್ಲಿಗೆ ಬಂದಾಗ ಮಾತ್ರ ಮನುಷ್ಯ ಆಗ್ತಾರೆ. ಅದೊಂದನ್ನ ಕಿತ್ಕೋಬೇಡಿ."

ಅದು ನಿಜವೂ ಆಗಿತ್ತು. ಬಿಳಿ ದೋಬೋಕ್ ತೊಟ್ಟು, ಬೆಲ್ಟು ಬಿಗಿದು ಚಾಪೆಯ ಮೇಲೆ ಕಾಲಿಟ್ಟರೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಟೇಕ್ವಾಂಡೋದ ಕೊರಿಯನ್ ಮಾತುಗಳೆಲ್ಲ ಬಾಯಿಗೆ ತಾನಾಗಿ ಬರುತ್ತಿದ್ದವು. ಚಾರ್ಯೊತ್ ಅಂದರೆ ಹಿಮ್ಮಡಿ ಕೂಡಿಸಿ ಸೆಟೆದು ನಿಲ್ಲುವುದು. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಬಾರದು. ಕ್ಯೊಂಗ್ನ್ಯೆ ಅಂದರೆ ಬಗ್ಗಬೇಕು. ಸಿಜಾಕ್ ಅಂದರೆ ಶುರು, ಕುಮಾನ್ ಅಂದರೆ ನಿಲ್ಲಿಸು. ಏನು ಹೇಳಿದರೂ ಉತ್ತರ ಒಂದೇ, "ಯೆ, ಸಬಮ್‌ನಿಮ್." ಹೌದು, ಗುರುಗಳೇ. ಗೋಡೆಯ ಮೇಲೆ ಅವರೇ ಬರೆದ ಐದು ಗುಣಗಳನ್ನು ಈಗಿನ ಮಕ್ಕಳೂ ನಮ್ಮ ಹಾಗೆಯೇ ಮಗ್ಗಿಯಂತೆ ಒಪ್ಪಿಸುತ್ತಿದ್ದರು: ವಿನಯ, ನಾಚಿಕೆ, ಸಹನೆ, ಹಿಡಿತ, ಬಗ್ಗದ ಮನಸ್ಸು. "ನಾಚಿಕೆ ಯಾಕೆ ಸಬಮ್‌ನಿಮ್?" ಎಂದು ನೀನು ಚಿಕ್ಕವಳಿದ್ದಾಗ ಕೇಳಿದ್ದೆ. "ತಪ್ಪು ಮಾಡಿದಾಗ ಮುಖ ಕೆಂಪಾಗ್ಬೇಕು. ಆಗದೇ ಇದ್ದೋರು ಎಷ್ಟೇ ಎತ್ತರಕ್ಕೆ ಒದ್ರೂ ದಂಡ" ಅಂದಿದ್ದರು.

ಇನ್ನೊಂದು ನಿಯಮ ನಿನಗೆ ನೆನಪಿರಲೇಬೇಕು. ಸಿಜಾಕ್ ಎಂದ ಮೇಲೆ ಕುಮಾನ್ ಅನ್ನುವವರೆಗೆ ಯಾರೂ ನಿಲ್ಲುವ ಹಾಗಿಲ್ಲ, ಮತ್ತು ಆ ಮಾತು ಹೇಳುವ ಬಾಯಿ ಒಂದೇ. ನನ್ನ ಒದೆತಕ್ಕೆ ನಿನ್ನ ಮುಂದಿನ ಹಲ್ಲು ಹಾರಿ ಬಿದ್ದಾಗಲೂ ನಾವಿಬ್ಬರೂ ನಿಲ್ಲಲಿಲ್ಲ. ಅವರು ಕುಮಾನ್ ಎಂದು, ಹಲ್ಲನ್ನು ತಾವೇ ಹೆಕ್ಕಿ ನಿನ್ನ ಅಂಗೈಯಲ್ಲಿಟ್ಟು, "ಇದನ್ನ ಮನೇಲಿ ಅಪ್ಪಂಗೆ ತೋರಿಸ್ಬೇಡ, ಬೈತಾನೆ" ಎಂದಿದ್ದರು. ನೀನು ರಕ್ತ ಸುರಿಸಿಕೊಂಡೇ ನಕ್ಕಿದ್ದೆ. ನಮಗೆ ಹೆದರಿಕೆಯೇ ಇರಲಿಲ್ಲ. ಅವರು ಸರಿಯಾದ ಗಳಿಗೆಗೆ ನಿಲ್ಲಿಸುತ್ತಾರೆಂದು ಅಷ್ಟು ನಂಬಿಕೆ.

ಆ ಶನಿವಾರ ಸಂಜೆ ಅವರು ಬಹಳ ಚುರುಕಾಗಿದ್ದರು. ನಾನು ಬಾಗಿಲ ಹತ್ತಿರ, ಚಪ್ಪಲಿ ಗೂಡಿನ ಪಕ್ಕದಲ್ಲಿ ಒಂದು ಮಗುವಿಗೆ ಬೆಲ್ಟ್ ಕಟ್ಟುತ್ತಿದ್ದೆ. ಹಸಿರು ಬೆಲ್ಟಿನ ಒಬ್ಬ ಹುಡುಗಿಯನ್ನೂ ದರ್ಜಿಯ ಮಗನನ್ನೂ ಎದುರುಬದುರು ನಿಲ್ಲಿಸಿದರು. ದರ್ಜಿ ನಿನಗೆ ಗೊತ್ತಲ್ಲ, ನಮ್ಮೆಲ್ಲರ ದೋಬೋಕ್ ಹೊಲಿಯುವವನು. ಮಗ ಅವನಷ್ಟೇ ಸಣಕಲು, ಅವನಷ್ಟೇ ಮೆದು. ಇಬ್ಬರೂ ಬಗ್ಗಿದರು. ಸಿಜಾಕ್ ಅಂದರು ಮೇಷ್ಟ್ರು.

ಹುಡುಗ ಬೇಗನೆ ಸೋತ. ತಲೆಗವಸು ಜಾರಿ ಕಿವಿಯ ಮೇಲೆ ಬಂತು, ಒಂದು ಮೊಣಕಾಲೂರಿದ. ಕುಮಾನ್ ಅನ್ನಬೇಕಾದ ಗಳಿಗೆ ಅದು. ಮೇಷ್ಟ್ರು ಬಾಯಿ ತೆರೆದರು. ಮಾತು ಬರಲಿಲ್ಲ. ಮತ್ತೆ ತೆರೆದರು. ಆಮೇಲೆ ನನ್ನ ಕಡೆ ತಿರುಗಿದರು ಕಣೇ. ದಾರಿ ತಪ್ಪಿದ ಮಗು ಯಾರದೋ ಸೆರಗು ಹಿಡಿದು ಮೇಲೆ ನೋಡುತ್ತದಲ್ಲ, ಹಾಗೆ. ಅಷ್ಟರಲ್ಲಿ ಇನ್ನೊಂದು ಒದೆತ ಬಿತ್ತು, ಮತ್ತೊಂದು. ಮಕ್ಕಳು ಚಕ್ಕಳಮಕ್ಕಳ ಹಾಕಿ ತುಟಿ ಬಿಚ್ಚದೆ ಕೂತಿದ್ದರು, ಹಾಗೆಯೇ ಕಲಿಸಿದ್ದೇವಲ್ಲ. ನನ್ನ ಸೊಂಟದಲ್ಲೂ ಕಪ್ಪು ಬೆಲ್ಟಿದೆ. ನನ್ನ ನಾಲಗೆಯ ತುದಿಯಲ್ಲೇ ಆ ಮಾತಿತ್ತು. ಆದರೆ ಅವರ ಕಣ್ಣು ನನ್ನ ಮೇಲೆ ಬಿದ್ದ ಕೂಡಲೇ ನನ್ನ ಹಿಮ್ಮಡಿಗಳು ಕೂಡಿಕೊಂಡವು, ಕೈ ತೊಡೆಗಂಟಿತು. ಸೆಟೆದು ನಿಂತುಬಿಟ್ಟೆ.

ಕೊನೆಗೆ ಆಟ ನಿಲ್ಲಿಸಿದವನು ದರ್ಜಿ. ತಂದೆತಾಯಿಯರ ಬೆಂಚಿನಿಂದೆದ್ದು ಚಪ್ಪಲಿ ಮೆಟ್ಟಿಕೊಂಡೇ ಚಾಪೆಯ ಮೇಲೆ ಓಡಿ ಬಂದು ಮಗನ ಮೇಲೆ ಮುಗ್ಗರಿಸಿ ಬಿದ್ದ. ನಾವು ಸೇರಿದಾಗಿನಿಂದ ಆ ಚಾಪೆಯ ಮೇಲೆ ಚಪ್ಪಲಿ ಬಿದ್ದದ್ದು ನಾನು ಕಂಡಿರಲಿಲ್ಲ. ಮಗುವಿನ ಮುಖ ಅವನ ಅಂಗಿಯಲ್ಲಿ ಹುದುಗಿತ್ತು, ಅಂಗಿ ಕೆಂಪಾಗುತ್ತಿತ್ತು. ಎತ್ತಿಕೊಂಡು ಹೊರಟವನು ಮೇಷ್ಟ್ರ ಮುಂದೆ ನಿಂತು ಏನಂದ ಗೊತ್ತಾ? "ಚಪ್ಪಲಿ ಹಾಕ್ಕೊಂಡೇ ಬಂದ್ಬಿಟ್ಟೆ, ತಪ್ಪು ತಿಳ್ಕೋಬೇಡಿ." ಮೇಷ್ಟ್ರು ಅವನಿಗೆ ಬಗ್ಗಿ ನಮಸ್ಕರಿಸಿದರು. ಅಲ್ಲಿದ್ದ ಯಾರ ಮುಖವನ್ನೂ ನೋಡುವ ಶಕ್ತಿ ನನಗಿರಲಿಲ್ಲ.

ಹುಡುಗನ ಎಡಗಣ್ಣಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದರು ಕಣ್ಣಿನ ಡಾಕ್ಟರು. ನಾನು ಅಂಗಡಿಗೆ ಹೋದಾಗ ದರ್ಜಿ ಹೊಲಿಗೆಯಿಂದ ತಲೆ ಎತ್ತಲಿಲ್ಲ. ಹೊಲಿಯುತ್ತಲೇ ಹೇಳಿದ, "ಮೇಷ್ಟ್ರ ಮೇಲೆ ಕೇಸು ಗೀಸು ಹಾಕಲ್ಲ. ಹಾಕಿದ್ರೆ ಕಣ್ಣು ಬರುತ್ತಾ? ಆದ್ರೆ ಅವರು ಇನ್ನೊಂದು ಮಗೂನ್ನ ಅಲ್ಲಿ ನಿಲ್ಲಿಸಿದ್ರೆ, ಆವತ್ತು ನಾನು ನಾನಾಗಿರಲ್ಲ." ಆ ಸಂಜೆಯೇ ಬೀಗ ಹಾಕಿದೆ.

ನಿಮ್ಮಪ್ಪನಿಗೆ ಆ ಶನಿವಾರದ್ದು ಏನೂ ನೆನಪಿಲ್ಲ. ದಿನಾ ಸಂಜೆ ದೋಬೋಕ್ ತೊಟ್ಟು ಬಂದು ಮುಚ್ಚಿದ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಅದಕ್ಕೊಂದು ನಮಸ್ಕಾರ ಮಾಡಿ ಕಾಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅವರನ್ನು ಕಂಡು ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಮೊನ್ನೆ ನನ್ನನ್ನು ತಡೆದು, "ದರ್ಜಿ ಮಗ ಯಾಕೆ ಬರ್ತಿಲ್ಲ? ಸಹನೆ ಸಾಲ್ದು ಆ ಹುಡುಗನಿಗೆ" ಅಂದರು. ನಾನು "ಯೆ, ಸಬಮ್‌ನಿಮ್" ಅಂದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಿಡತೆ, ನೀನು ಬಾ. ಗುರುವಿನ ಬೆಲ್ಟನ್ನು ಶಿಷ್ಯರು ಮುಟ್ಟುವ ಹಾಗಿಲ್ಲ. ಆ ನಿಯಮವನ್ನೂ ಮುರಿಯಬಹುದು, ಆದರೆ ನಾನು ಬಿಚ್ಚಿದರೆ ಅವರಿಗೆ ಅದು ಅವಮಾನ, ಮಗಳು ಬಿಚ್ಚಿದರೆ ಬಟ್ಟೆ ಬದಲಿಸಿದ ಹಾಗೆ. ನೀನು ಅದನ್ನು ಬಿಚ್ಚಿ, ಮಡಿಸಿ, "ಅಪ್ಪ, ಮುಗೀತು, ಮನೆಗೆ ಹೋಗೋಣ" ಅನ್ನಬೇಕು. ನಿಮ್ಮಮ್ಮನಿಗೂ ನೀನೇ ಹೇಳಬೇಕು. ನೀನು ಬರದಿದ್ದರೆ ಅವರು ಬೀಗ ಒಡೆಸುತ್ತಾರೆ. ಹೊಸ ಮಕ್ಕಳಿಗೇನು ಗೊತ್ತು, ಬಂದು ಸಾಲಾಗಿ ನಿಲ್ಲುತ್ತವೆ. ನನ್ನ ಮೇಲಿನ ಕೋಪ ಇರಲಿ, ಅದನ್ನು ಆಮೇಲೆ ತೀರಿಸಿಕೋ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಕಣ್ಣು, ಕೈಕಾಲು ತಣ್ಣಗಿರಲಿ.

ಇಂತಿ ನಿನ್ನ
ಬಸವನಹುಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮಗಳು ಚೆನ್ನಾಗಿದ್ದಾಳೆ ಎಂದು ಮೇಲೆ ಬರೆದದ್ದು ಸುಳ್ಳು. ಶಾಲೆಗೂ ಹೋಗುತ್ತಿಲ್ಲ. ಆ ಹಸಿರು ಬೆಲ್ಟಿನ ಹುಡುಗಿ ನನ್ನವಳೇ. ಊಟ ಮಾಡು ಅಂದರೆ ಮಾಡುತ್ತಾಳೆ, ಸಾಕು ಅನ್ನುವವರೆಗೆ ತಿನ್ನುತ್ತಲೇ ಇರುತ್ತಾಳೆ. ಯಾಕೆ ನಿಲ್ಲಿಸಲಿಲ್ಲ ಪುಟ್ಟಾ, ಅವನು ಬಿದ್ದಿದ್ದನಲ್ಲ ಎಂದು ನಿನ್ನೆ ಕೇಳಿಬಿಟ್ಟೆ. ಹಿಮ್ಮಡಿ ಕೂಡಿಸಿ, ಕೈ ತೊಡೆಗಂಟಿಸಿ ನಿಂತು ಉತ್ತರ ಕೊಟ್ಟಳು: "ಸಬಮ್‌ನಿಮ್ ಕುಮಾನ್ ಅನ್ನಲಿಲ್ಲ. ಆಮೇಲೆ ನಿನ್ನ ನೋಡ್ದೆ ಅಮ್ಮ. ನೀನೂ ಅನ್ನಲಿಲ್ಲ. ಅದಕ್ಕೇ ಇನ್ನೂ ಒದೀಬೇಕೇನೋ ಅಂದ್ಕೊಂಡೆ."