ಕೋಲು ತಾಗಿದರೆ ಒಡೆಯುವ ಪೊರೆ

ಪ್ರಯೋಗಾಲಯದ ಹಿಂದಿನ ಬೆಂಚು
ಮಂಗಳವಾರ, ತಾರೀಖು ಹದಿನಾಲ್ಕು, ಊಟದ ಬಿಡುವು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಮಾವನ ಮನೆಯ ಮೇಲಿನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಅತ್ತ ತಲೆ ಹಾಕಿ ಮಲಗಬೇಡ. ಮೂರು ಕಾಗದಕ್ಕೂ ನೀನು ಉತ್ತರ ಬರೆಯಲಿಲ್ಲ. ಅಂಚೆಯಲ್ಲಿ ಕಳೆದಿರಬಹುದು, ಇಲ್ಲ ನಿನ್ನ ಕೈಗೆ ಪೆಟ್ಟಾಗಿರಬಹುದು, ಇಲ್ಲ... ಹೋಗಲಿ, ಗಾಬರಿ ನನ್ನ ಹುಟ್ಟುಗುಣ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕಾಗದ ಇದು. ತಪ್ಪು ಕಂಡರೆ ನಗು, ಆದರೆ ಕೊನೆವರೆಗೂ ಓದು.

ಪಂಪ್‌ಮನೆಯ ಹಿಂದಿನ ಜೌಗಿನಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತಲ್ಲ, ಅದು ಸೋರಿದ ಡೀಸೆಲ್ ಎಂದು ಯಾರೋ ಹೆಸರಿಲ್ಲದ ಚೀಟಿ ಬರೆದರು, ಮ್ಯಾನೇಜರು ಅದನ್ನೇ ಹಿಡಿದು, ಸೋರಗೊಟ್ಟವನು ನೀನೇ ಎಂದು ಪಂಪ್ ಕೆಲಸದಿಂದ ನಿನ್ನನ್ನು ತೆಗೆದರು. ಅದು ಡೀಸೆಲ್ ಅಲ್ಲವೋ! ನಾನು ಬಾಟಲಿ ತೊಳೆದು ಕೊಡುವ ಪ್ರಯೋಗಾಲಯದ ಕನ್ನಡಕದಮ್ಮ ಹೋದ ವಾರ ಎಲ್ಲ ಬಿಡಿಸಿ ಹೇಳಿದರು. ಕೊಳೆತ ಎಲೆಯ ನೀರು ಮಣ್ಣೊಳಗಿನ ಕಬ್ಬಿಣವನ್ನು ಕರಗಿಸಿಕೊಂಡು ಬರುತ್ತದಂತೆ. ಹೊರಗೆ ಗಾಳಿ ಸೋಕುವ ಕಡೆ ಕಣ್ಣಿಗೆ ಕಾಣದ ಜೀವಾಣುಗಳು ಆ ಕಬ್ಬಿಣದಿಂದಲೇ ಬದುಕು ಮಾಡಿ ತುಕ್ಕನ್ನು ಬಿಟ್ಟುಹೋಗುತ್ತವಂತೆ. ಪೊರೆ ಅವುಗಳದ್ದು. ಜೊಂಡು ಬೇರಿಗೆ ಗಾಳಿ ಇಳಿಸುತ್ತದೆ, ಬೇರಿನ ಸುತ್ತ ತುಕ್ಕು ಬಳೆಯ ಹಾಗೆ ಕೂರುತ್ತದೆ. ವರ್ಷಗಟ್ಟಲೆ ಹಾಗೇ ಕೂತು ಕೂತು ಅದಿರಾಗುತ್ತದೆ. ನಮ್ಮಜ್ಜ ಕುಲುಮೆಗೆ ಅಗೆದು ತರುತ್ತಿದ್ದ ಕೆಂಪು ಗಡ್ಡೆ ನೆನಪಿದೆಯಾ? ಅದೇ! ಅಜ್ಜ ಬರಿದು ಮಾಡಿದ ಗುಂಡಿಯಲ್ಲಿ ಅದು ಮತ್ತೆ ಬೆಳೆದಿದೆ. ಒಂದು ತುಂಡು ಮುರಿದು ನೋಡಿದೆ, ನಡುವೆ ಜೊಂಡಿನ ಬೇರು ಹೋದ ತೂತು ಹಾಗೇ ಇತ್ತು.

ನಿನ್ನೆ ಆಫೀಸಿಗೆ ಹೋದೆ. ಮೆಟ್ಟಿಲ ಮೇಲೆ ಎರಡು ಸಲ ಹಿಂದಕ್ಕೆ ತಿರುಗಿದ್ದೆ. ಎರಡು ಬೇಸಿನ್ ಒಯ್ದಿದ್ದೆ. ಒಂದರಲ್ಲಿ ಜೌಗಿನ ನೀರು, ಇನ್ನೊಂದರಲ್ಲಿ ಬರಿ ನೀರಿಗೆ ಒಂದು ಚಮಚ ಡೀಸೆಲ್. ಮ್ಯಾನೇಜರು ತಲೆ ಎತ್ತದೆ, "ನೀನು ಬಾಟಲಿ ತೊಳೆಯೋಳು, ನಿಂಗ್ಯಾಕಮ್ಮ ಈ ಉಸಾಬರಿ?" ಅಂದರು. ಎಲ್ಲಿತ್ತೋ ಧೈರ್ಯ, "ತೊಳೆಯೋಳು ಅಂತಲೇ ಬಂದೆ ಸಾರ್. ಎಣ್ಣೆ ಯಾವುದು, ಎಣ್ಣೆಯಲ್ಲದ್ದು ಯಾವುದು ಅಂತ ಈ ಕೈಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಅಂದೆ. ಡೀಸೆಲ್ ಮೇಲೆ ಕಡ್ಡಿ ಎಳೆದೆ, ಸೀಳಿದ್ದು ಮತ್ತೆ ಕೂಡಿಕೊಂಡಿತು. ಜೌಗಿನ ಪೊರೆಗೆ ಕಡ್ಡಿ ತಾಗಿಸಿದೆ, ಗಾಜಿನ ಹಾಗೆ ಚೂರುಚೂರಾಗಿ ನಿಂತಿತು, ಕೂಡಲಿಲ್ಲ. ಅವರೇ ಕಡ್ಡಿ ಇಸಿದುಕೊಂಡು ನಾಲ್ಕು ಸಲ ಎಳೆದರು. ಮುಖ ಇಂಗು ತಿಂದ ಮಂಗನ ಹಾಗಾಯಿತು. "ಹೀಗೆ ಎದುರಾಡಿದರೆ ನಿನ್ನ ಕೆಲಸಕ್ಕೂ ಸಂಚಕಾರ" ಎಂದರು. ಬರಲಿ ಬಿಡು. ಬೇಸಿನ್ ಅವರ ಮೇಜಿನ ಮೇಲೇ ಬಿಟ್ಟು ಬಂದೆ, ದಿನಾ ನೋಡುತ್ತಿರಲಿ. ಮನೆಗೆ ಬಂದು ಬಾಗಿಲಿಗೆ ಎರಡೆರಡು ಚಿಲಕ ಹಾಕಿಕೊಂಡೆ, ಅದು ಬೇರೆ ಮಾತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು.

ಮಾವನಿಗೂ ಅತ್ತೆಗೂ ನಮಸ್ಕಾರ ಹೇಳು. ನೀನು ನೂರು ವರ್ಷ ಚೆನ್ನಾಗಿರು, ಕೊರಳಿಗೆ ಮಫ್ಲರ್ ಸುತ್ತಿಕೊಂಡಿರು.

ನಿನ್ನ
ಗಾಬರಿ ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಏಳಲಿಲ್ಲ. ಆ ಹೆಸರಿಲ್ಲದ ಚೀಟಿ ನನ್ನದೇ ಕಣೋ. ಪೊರೆ ನೋಡಿ ಎಣ್ಣೆ ಅಂದುಕೊಂಡೆ. ಬೆಂಕಿ ಹತ್ತಿ ನೀನು ಪಂಪ್‌ಮನೆಯೊಳಗೆ ಸಿಕ್ಕಿಕೊಂಡರೆ ಎಂಬ ಹೆದರಿಕೆಗೆ ಬರೆದೆ, ನಿನ್ನ ತಲೆಗೆ ಬರುತ್ತದೆ ಎಂದು ಹೊಳೆಯಲಿಲ್ಲ. ನಿನ್ನೆ ಮ್ಯಾನೇಜರ ಮೇಜಿನ ಮೇಲಿದ್ದ ಅದೇ ಚೀಟಿಯ ಕೆಳಗೆ "ಇದು ತಪ್ಪು, ಬರೆದವಳು ನಾನು" ಎಂದು ಬರೆದು ದೊಡ್ಡದಾಗಿ ಹೆಸರು ಹಾಕಿದ್ದೇನೆ. ಅದಕ್ಕೇ ಮುಂದಿನ ವಾರ ಗುರುವಾರ ಹತ್ತು ಗಂಟೆಗೆ ಮರುವಿಚಾರಣೆ ಇಟ್ಟಿದ್ದಾರೆ. ಹೊಟ್ಟೆಗೆ ಹಾಕಿಕೊಳ್ಳದಿದ್ದರೂ ಸರಿ, ಬಂದು ಎಲ್ಲರೆದುರಿಗೆ ಬೈ. ಬಾ.